ಮಳೆ ನಕ್ಷತ್ರಗಳ ನಡುವೆ ಕಾಣದ ಕುಬ್ಜಗಳು

ಆಕಾಶದ ನಕ್ಷತ್ರಗಳಲ್ಲಿ ಬಹುಪಾಲು ಕುಬ್ಜಗಳು. ಸೂರ್ಯನೂ ಒಂದು ಕುಬ್ಜ. ಆದರೆ ಕತ್ತಲಲ್ಲಿ ತಲೆಯೆತ್ತಿದವರ ಕಣ್ಣಿಗೆ ಬೀಳುವ, ಹೆಸರು ಪಡೆದ ಚಿಕ್ಕಿಗಳಲ್ಲಿ ಹೆಚ್ಚಿನವು ಒಂದೋ ಉಬ್ಬಿದ ದೈತ್ಯಗಳು, ಇಲ್ಲವೇ ಸೂರ್ಯನಿಗಿಂತ ಹಲವು ಪಟ್ಟು ಭಾರದವು. ರಾಯಚೂರು ಸೀಮೆಯ ರೈತರು ಬಿತ್ತನೆಯ ಲೆಕ್ಕಕ್ಕೆ ಇಟ್ಟುಕೊಂಡಿರುವ ಮಳೆ ನಕ್ಷತ್ರಗಳನ್ನೇ ನೋಡಬಹುದು. ರೋಹಿಣಿ ಕಿತ್ತಳೆ ಬಣ್ಣದ ದೈತ್ಯ, ಆರಿದ್ರಾ ಕೆಂಪು ಮಹಾದೈತ್ಯ, ಸ್ವಾತಿಯೂ ದೈತ್ಯ, ಚಿತ್ತಾ ಸೂರ್ಯನ ಹತ್ತು ಪಟ್ಟಿಗೂ ಮೀರಿದ ಭಾರದ ನೀಲಿ ನಕ್ಷತ್ರ. ಊರಗೌಡರ ಹೆಸರು ಹತ್ತೂರಿಗೆ ಗೊತ್ತಿರುತ್ತದೆ, ಊರು ತುಂಬಿರುವುದು ಮಾತ್ರ ಬೇರೆಯವರಿಂದ. ಆಕಾಶದ ಜನಗಣತಿಯೂ ಹಾಗೆಯೇ.

ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ ಎಂಬ ಗಾದೆ ಉತ್ತರ ಕರ್ನಾಟಕದಲ್ಲಿ ಹಳೆಯದು. ಮೇ ಕೊನೆಯ ವಾರದಿಂದ ಜೂನ್ ಮೊದಲ ವಾರದವರೆಗಿನ ಈ ಮಳೆಯ ಕಾಲದಲ್ಲಿ ಸೂರ್ಯ ರೋಹಿಣಿ ನಕ್ಷತ್ರದ ದಿಕ್ಕಿನಲ್ಲೇ ಇರುತ್ತಾನೆ. ಹಾಗಾಗಿ ರೋಹಿಣಿ ಮಳೆಯ ದಿನಗಳಲ್ಲಿ ರೋಹಿಣಿ ಕಾಣುವುದಿಲ್ಲ, ಅದು ಹಗಲಿನ ಚಿಕ್ಕಿ. ಅದನ್ನು ಕಾಣಬೇಕಾದರೆ ಹಿಂಗಾರಿ ಜೋಳ ತೆನೆ ಹೊತ್ತು ನಿಂತ ಚಳಿಗಾಲಕ್ಕೆ ಕಾಯಬೇಕು. ಮಾನ್ವಿ ತಾಲ್ಲೂಕಿನ ಕುರ್ಡಿ ಇರುವುದು 16 ಡಿಗ್ರಿ ಉತ್ತರ ಅಕ್ಷಾಂಶದ ಸುಮಾರಿಗೆ. ರೋಹಿಣಿ ಆಕಾಶದಲ್ಲಿ ಸಾಗುವ ದಾರಿಯೂ ಹೆಚ್ಚುಕಡಿಮೆ ಅದೇ 16 ಡಿಗ್ರಿಯದು. ಆದ್ದರಿಂದ ಜನವರಿ ಕೊನೆಯಲ್ಲಿ ರಾತ್ರಿ ಎಂಟೂವರೆಯ ಹೊತ್ತಿಗೆ ಕುರ್ಡಿಯ ಹೊಲದಲ್ಲಿ ಅಂಗಾತ ಮಲಗಿದವರಿಗೆ ಅದು ಸರಿಯಾಗಿ ನೆತ್ತಿಯ ಮೇಲಿರುತ್ತದೆ. ಬೆಂಗಳೂರಿನವರಿಗಾಗಲಿ ಬೀದರದವರಿಗಾಗಲಿ ಇಷ್ಟು ನೇರವಾಗಿ ಸಿಗದು.

ಅದೇ ಹೊತ್ತಿಗೆ ರೋಹಿಣಿಯಿಂದ ತೆಂಕಣಕ್ಕೆ, ಕೈ ಚಾಚಿ ಹಿಡಿದ ಮುಷ್ಟಿಯ ಅಳತೆಯಲ್ಲಿ ಎರಡೂವರೆ ಮುಷ್ಟಿ ಇಳಿದರೆ ಒಂದು ಮಂಕು ಚಿಕ್ಕಿ ಸಿಗುತ್ತದೆ. 40 ಎರಿಡಾನಿ ಎಂದು ಅದರ ಹೆಸರು. ಬರಿಗಣ್ಣಿಗೆ ಒಂದೇ ಎಂದು ಕಾಣುವ ಇದು ನಿಜವಾಗಿ ಮೂರು ನಕ್ಷತ್ರಗಳ ಕುಟುಂಬ. ಒಂದು ಕಿತ್ತಳೆ ಕುಬ್ಜ, ಒಂದು ಬಿಳಿ ಕುಬ್ಜ, ಒಂದು ಕೆಂಪು ಕುಬ್ಜ. ಭೂಮಿಯಿಂದ ದೂರ ಬರೀ 16 ಜ್ಯೋತಿರ್ವರ್ಷ. ಕುಬ್ಜಗಳ ಬಗೆಗಳನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬರಿಗಣ್ಣಿನ ಆಕಾಶದಲ್ಲಿ ಇಲ್ಲ. ಮುಂದೆ ಮತ್ತೆ ಮತ್ತೆ ಇದರ ಮಾತು ಬರುತ್ತದೆ.

ಹೆಸರಿನ ಗೊಂದಲ

ಕುಬ್ಜ ಎಂಬ ಹೆಸರು ಹುಟ್ಟಿದ್ದು ಒಂದು ಹೋಲಿಕೆಯಿಂದ. 1905ರ ಸುಮಾರಿಗೆ ಡೆನ್ಮಾರ್ಕಿನ ಐನಾರ್ ಹರ್ಟ್ಸ್‌ಸ್ಪ್ರುಂಗ್ ಕೆಂಪು ನಕ್ಷತ್ರಗಳ ಬೆಳಕನ್ನು ಅಳೆದಾಗ ಅವುಗಳಲ್ಲಿ ಎರಡು ಪಂಗಡ ಕಂಡವು. ಒಂದೇ ಬಣ್ಣ, ಅಂದರೆ ಒಂದೇ ಶಾಖ; ಆದರೆ ಒಂದು ಪಂಗಡ ಇನ್ನೊಂದಕ್ಕಿಂತ ಸಾವಿರಾರು ಪಟ್ಟು ಪ್ರಕಾಶ ಚೆಲ್ಲುತ್ತಿತ್ತು. ಕಮ್ಮಾರನ ಕುಲುಮೆಯಲ್ಲಿ ಕೆಂಪಗೆ ಕಾದ ಮೊಳೆಯೂ ಕೆಂಪಗೆ ಕಾದ ಬಂಡಿಯ ಹಳಿಯೂ ಒಂದೇ ಬಣ್ಣಕ್ಕೆ ಬಂದಿರಬಹುದು, ಹಳಿ ಕೊಡುವ ಬೆಳಕು ಹೆಚ್ಚು, ಏಕೆಂದರೆ ಅದರ ಮೈ ದೊಡ್ಡದು. ಹಾಗೆ ದೊಡ್ಡ ಮೈಯವು ದೈತ್ಯಗಳಾದವು, ಉಳಿದವು ಕುಬ್ಜಗಳಾದವು. ಕೆಲವೇ ವರ್ಷಗಳಲ್ಲಿ ಅಮೆರಿಕದ ಹೆನ್ರಿ ನಾರಿಸ್ ರಸೆಲ್ ಕೂಡ ಬೇರೆ ದಾರಿಯಿಂದ ಅಲ್ಲಿಗೇ ಬಂದರು. ನಕ್ಷತ್ರಗಳ ಶಾಖವನ್ನು ಅಡ್ಡಕ್ಕೂ ಪ್ರಕಾಶವನ್ನು ಉದ್ದಕ್ಕೂ ಗುರುತಿಸಿ ಬರೆದ ನಕ್ಷೆಗೆ ಇಬ್ಬರ ಹೆಸರೂ ಅಂಟಿಕೊಂಡಿದೆ. ಈ ನಕ್ಷೆಯಲ್ಲಿ ನಕ್ಷತ್ರಗಳು ಎಲ್ಲೆಂದರಲ್ಲಿ ಚೆಲ್ಲಿಕೊಂಡಿಲ್ಲ. ಹತ್ತರಲ್ಲಿ ಒಂಬತ್ತರಷ್ಟು ಒಂದೇ ಓರೆ ಸಾಲಿನಲ್ಲಿ ಕೂರುತ್ತವೆ. ಆ ಸಾಲೇ ಪ್ರಧಾನ ಶ್ರೇಣಿ.

ತಾಂತ್ರಿಕವಾಗಿ ಪ್ರಧಾನ ಶ್ರೇಣಿಯ ಮೇಲಿರುವ ನಕ್ಷತ್ರಗಳೆಲ್ಲ ಕುಬ್ಜಗಳೇ. ಕೆಂಪು, ಕಿತ್ತಳೆ, ಹಳದಿ ಕುಬ್ಜಗಳು ಇದೇ ಸಾಲಿನ ಮೆಟ್ಟಿಲುಗಳು. ಬಿಳಿ ಕುಬ್ಜ ಮಾತ್ರ ಈ ಸಾಲಿನದಲ್ಲ, ಅದು ಸತ್ತ ನಕ್ಷತ್ರದ ತಿರುಳು. ಕಂದು ಕುಬ್ಜ ನಕ್ಷತ್ರವಾಗಲು ಹೊರಟು ಆಗದೆ ಹೋದದ್ದು. ಬದುಕಿರುವುದಕ್ಕೆ, ಸತ್ತದ್ದಕ್ಕೆ, ಹುಟ್ಟದೇ ಹೋದದ್ದಕ್ಕೆ ಒಂದೇ ಅಡ್ಡಹೆಸರು ಇಟ್ಟ ಈ ಪದ್ಧತಿಯಿಂದ ಓದುವವರಿಗೆ ಆಗಿರುವ ತೊಂದರೆ ಸಣ್ಣದಲ್ಲ. ಆದರೆ ಹೆಸರು ನೂರು ವರ್ಷ ಹಳೆಯದಾಗಿದೆ, ಇನ್ನು ಬದಲಾಗುವ ಲಕ್ಷಣವಿಲ್ಲ.

ದೂರದ ಚುಕ್ಕಿಯೊಂದು ಕುಬ್ಜವೋ ದೈತ್ಯವೋ ಎಂದು ಹೇಳುವುದು ಹೇಗೆ? ದೂರ ಗೊತ್ತಿದ್ದರೆ ಲೆಕ್ಕ ಸುಲಭ. ಗೊತ್ತಿಲ್ಲದಿದ್ದಾಗ ನೆರವಾಗುವ ಒಂದು ವಿಧಾನದ ಹಿಂದಿರುವ ಹೆಸರು ಮನಾಲಿ ಕಲ್ಲಾಟ್ ವೈನು ಬಪ್ಪು ಅವರದು. ಅವರ ಬಾಲ್ಯ ಕಳೆದದ್ದು ಹೈದರಾಬಾದಿನಲ್ಲಿ, ತಂದೆ ಕೆಲಸ ಮಾಡುತ್ತಿದ್ದ ನಿಜಾಮಿಯಾ ವೀಕ್ಷಣಾಲಯದ ದೂರದರ್ಶಕಗಳ ನಡುವೆ. ನವಾಬ್ ಜಫರ್ ಜಂಗ್ 1901ರಲ್ಲಿ ಆರಂಭಿಸಿದ ಆ ವೀಕ್ಷಣಾಲಯವನ್ನು 1908ರಲ್ಲಿ ನಿಜಾಮ್ ಸರ್ಕಾರ ವಹಿಸಿಕೊಂಡಿತ್ತು. ಕುರ್ಡಿ, ಮಾನ್ವಿ, ದೇವದುರ್ಗ ಸೇರಿದ ರಾಯಚೂರು ಜಿಲ್ಲೆ ಆಗ ಅದೇ ನಿಜಾಮರ ಸಂಸ್ಥಾನದ ಭಾಗ. ಇಡೀ ಆಕಾಶದ ಛಾಯಾಚಿತ್ರ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಯೋಜನೆಯಲ್ಲಿ ಪಾಲು ಪಡೆದು ಏಳು ಲಕ್ಷಕ್ಕೂ ಹೆಚ್ಚು ನಕ್ಷತ್ರಗಳ ಸ್ಥಾನವನ್ನು ಅದು ಅಳೆದು ಮುಗಿಸಿತು. ಭಾರತದ ವಿಜ್ಞಾನದ ಕಥೆ ಹೇಳುವವರು ಈ ಕೆಲಸವನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಗಾಜಿನ ಫಲಕದ ಮೇಲಿನ ಒಂದೊಂದೇ ಚುಕ್ಕೆಗೆ ಕಣ್ಣಿಟ್ಟು ದಶಕಗಳ ಕಾಲ ಅಳೆದವರ ಶ್ರಮಕ್ಕೆ ಅದು ಸಾಲದು.

ಬಪ್ಪು ಹಾರ್ವರ್ಡಿಗೆ ಹೋದರು, ಅಲ್ಲಿಂದ ಕ್ಯಾಲಿಫೋರ್ನಿಯಾಕ್ಕೆ. ಅಲ್ಲಿ ಆಲಿನ್ ವಿಲ್ಸನ್ ಜತೆ ನಕ್ಷತ್ರಗಳ ರೋಹಿತದಲ್ಲಿ, ಅಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕಿನಲ್ಲಿ, ಕ್ಯಾಲ್ಸಿಯಂನ ಒಂದು ಗೆರೆಯನ್ನು ಗಮನಿಸಿದರು. ಸೂರ್ಯನಂಥ ಮತ್ತು ಅದಕ್ಕಿಂತ ತಣ್ಣಗಿನ ನಕ್ಷತ್ರಗಳಲ್ಲಿ ಈ ಕಪ್ಪು ಗೆರೆಯ ನಡುವೆ ಸಣ್ಣದೊಂದು ಬೆಳಕಿನ ಎಳೆ ಇರುತ್ತದೆ. ಕುಬ್ಜಗಳಲ್ಲಿ ಆ ಎಳೆ ತೆಳುವು, ದೈತ್ಯಗಳಲ್ಲಿ ಅಗಲ, ಮಹಾದೈತ್ಯಗಳಲ್ಲಿ ಇನ್ನೂ ಅಗಲ. ಎಳೆಯ ಅಗಲ ಅಳೆದರೆ ನಕ್ಷತ್ರದ ನಿಜವಾದ ಪ್ರಕಾಶ ಸಿಗುತ್ತದೆ, ಅದರಿಂದ ದೂರವೂ ಸಿಗುತ್ತದೆ. 1957ರಲ್ಲಿ ಪ್ರಕಟವಾದ ಇದಕ್ಕೆ ವಿಲ್ಸನ್–ಬಪ್ಪು ಪರಿಣಾಮ ಎಂದು ಹೆಸರು. ಬಪ್ಪು ಮುಂದೆ ಕೊಡೈಕನಾಲ್ ವೀಕ್ಷಣಾಲಯದ ಹೊಣೆ ಹೊತ್ತರು, ತಮಿಳುನಾಡಿನ ಕಾವಲೂರಿನಲ್ಲಿ ಹೊಸ ವೀಕ್ಷಣಾಲಯ ಕಟ್ಟಿದರು, 1971ರಲ್ಲಿ ಸ್ವಾಯತ್ತವಾದ ಭಾರತೀಯ ಖಭೌತ ಸಂಸ್ಥೆಯನ್ನು ಬೆಂಗಳೂರಿನ ಕೋರಮಂಗಲದಲ್ಲಿ ನೆಲೆಗೊಳಿಸಿದರು. 1982ರಲ್ಲಿ ತೀರಿಕೊಂಡರು. ಕಾವಲೂರಿನ 2.34 ಮೀಟರ್ ದೂರದರ್ಶಕಕ್ಕೆ 1986ರಲ್ಲಿ ಅವರ ಹೆಸರಿಟ್ಟರು.

ಮೋಡದಿಂದ ಚಿಕ್ಕಿಯವರೆಗೆ

ನಕ್ಷತ್ರ ಹುಟ್ಟುವುದು ಮೋಡದಲ್ಲಿ. ಮಳೆಯ ಮೋಡದಂಥದ್ದಲ್ಲ, ಜಲಜನಕ, ಹೀಲಿಯಂ ಮತ್ತು ಒಂದಿಷ್ಟು ದೂಳಿನ, ಸೊನ್ನೆಗಿಂತ 250 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗೆ ತಣ್ಣಗಾದ ಮೋಡ. ಇಂಥದ್ದೊಂದರ ಕಾದು ಹೊಳೆಯುವ ಭಾಗ ಬರಿಗಣ್ಣಿಗೂ ಕಾಣುತ್ತದೆ. ಮಹಾವ್ಯಾಧನ ನಡುಪಟ್ಟಿಯ ಮೂರು ಚಿಕ್ಕಿಗಳ ಕೆಳಗೆ ತೂಗಿದ ಕತ್ತಿಯಲ್ಲಿ ನಡುವಿನದು ಚುಕ್ಕಿಯಲ್ಲ, ಮಸುಕು. ಅದು ಸುಮಾರು 1,300 ಜ್ಯೋತಿರ್ವರ್ಷ ದೂರದ ಓರಿಯನ್ ನೀಹಾರಿಕೆ, ನಕ್ಷತ್ರಗಳ ಹೆರಿಗೆ ಮನೆ. ಮೋಡದ ಒಂದು ಭಾಗ ತನ್ನದೇ ಭಾರಕ್ಕೆ ಕುಸಿಯತೊಡಗಿದರೆ ನಡುವೆ ಒತ್ತಡವೂ ಶಾಖವೂ ಏರುತ್ತವೆ. ಸೈಕಲ್ ಪಂಪಿನ ತುದಿ ಬಿಸಿಯಾಗುವುದು ಇದೇ ಕಾರಣಕ್ಕೆ. ಶಾಖ ಒಂದು ಕೋಟಿ ಡಿಗ್ರಿಯ ಆಸುಪಾಸಿಗೆ ಬಂದಾಗ ಜಲಜನಕದ ಬೀಜಗಳು ಬೆಸೆದು ಹೀಲಿಯಂ ಆಗತೊಡಗುತ್ತವೆ. ಬೈಜಿಕ ಸಮ್ಮಿಲನದ ಈ ಕಾವು ಹೊರಕ್ಕೆ ತಳ್ಳುತ್ತದೆ, ಗುರುತ್ವ ಒಳಕ್ಕೆ ಎಳೆಯುತ್ತದೆ. ಎರಡೂ ಸರಿದೂಗಿದಾಗ ಕುಸಿತ ನಿಲ್ಲುತ್ತದೆ. ಆ ಗಳಿಗೆಯಿಂದ ಅದು ನಕ್ಷತ್ರ, ಪ್ರಧಾನ ಶ್ರೇಣಿಯ ಕುಬ್ಜ.

ಈ ಕಾವಿನ ಪ್ರಮಾಣ ತಿಳಿಯಲು ಶಕ್ತಿನಗರದ ಕಡೆ ನೋಡಬಹುದು. ರಾಯಚೂರು ಶಾಖೋತ್ಪನ್ನ ಸ್ಥಾವರದ ಸ್ಥಾಪಿತ ಸಾಮರ್ಥ್ಯ 1,720 ಮೆಗಾವಾಟ್. ಎಂಟೂ ಘಟಕಗಳು ಒಂದು ದಿನವೂ ನಿಲ್ಲದೆ ವರ್ಷವಿಡೀ ಪೂರ್ತಿ ಓಡಿದವು ಎಂದುಕೊಂಡರೂ ಅವು ಕೊಡುವ ಒಟ್ಟು ವಿದ್ಯುತ್ತನ್ನು ಐನ್‌ಸ್ಟೈನರ ಸಮೀಕರಣದಂತೆ ದ್ರವ್ಯರಾಶಿಗೆ ತಿರುಗಿಸಿದರೆ ಬರುವುದು ಸುಮಾರು 600 ಗ್ರಾಂ. ಸೂರ್ಯ ಪ್ರತಿ ಸೆಕೆಂಡಿಗೆ 40 ಲಕ್ಷ ಟನ್ನಿಗೂ ಹೆಚ್ಚು ದ್ರವ್ಯರಾಶಿಯನ್ನು ಬೆಳಕಾಗಿ ಕಳೆದುಕೊಳ್ಳುತ್ತಾನೆ. ಸೂರ್ಯ ಕಲ್ಲಿದ್ದಲಿನ ಉಂಡೆಯಾಗಿದ್ದಿದ್ದರೆ ಇದೇ ದರದಲ್ಲಿ ಉರಿದು 5,000 ವರ್ಷಗಳ ಸುಮಾರಿಗೆ ಬೂದಿಯಾಗುತ್ತಿದ್ದ. ಅವನ ವಯಸ್ಸು ಈಗಾಗಲೇ 460 ಕೋಟಿ ವರ್ಷ.

ಕುಸಿದ ಮೋಡದ ತುಣುಕು ಸಣ್ಣದಾಗಿದ್ದರೆ? ಸೂರ್ಯನ ಭಾರದ ಶೇ 8ಕ್ಕಿಂತ, ಅಂದರೆ ಗುರುಗ್ರಹದ 80 ಪಟ್ಟಿನಷ್ಟಕ್ಕಿಂತ ಕಡಿಮೆಯಿದ್ದರೆ ನಡುವಿನ ಶಾಖ ಜಲಜನಕವನ್ನು ಸ್ಥಿರವಾಗಿ ಉರಿಸುವಷ್ಟು ಏರುವುದೇ ಇಲ್ಲ. ಈ ಮಿತಿಯನ್ನು 1960ರ ದಶಕದ ಆರಂಭದಲ್ಲಿ ಲೆಕ್ಕ ಹಾಕಿದವರು ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಭಾರತೀಯ ಮೂಲದ ಶಿವ್ ಕುಮಾರ್. ಅಂಥ ಕಾಯಗಳಿಗೆ ಕಂದು ಕುಬ್ಜ ಎಂದು ಹೆಸರಿಟ್ಟವರು ಜಿಲ್ ಟಾರ್ಟರ್, 1975ರಲ್ಲಿ. ನಿಜಕ್ಕೂ ಅವು ಕಣ್ಣಿಗೆ ಬಿದ್ದದ್ದು 1995ರಲ್ಲಿ. ಅವುಗಳ ಬಣ್ಣ ಕಂದಲ್ಲ, ಕಣ್ಣಿಗೆ ಕಂಡರೆ ಮಂಕು ಕೆನ್ನೇರಳೆಯಾಗಿ ಕಾಣಬಹುದು ಎನ್ನುತ್ತಾರೆ. ಗುರುವಿನ 13 ಪಟ್ಟಿಗಿಂತ ಭಾರದವು ಭಾರಜಲಜನಕವನ್ನು ಅಷ್ಟಿಷ್ಟು ಉರಿಸಿಕೊಳ್ಳುತ್ತವೆ, ಆಮೇಲೆ ಆರುತ್ತಾ ಹೋಗುವುದಷ್ಟೇ ಕೆಲಸ. 2014ರಲ್ಲಿ ಕಂಡುಬಂದ, ಏಳೂವರೆ ಜ್ಯೋತಿರ್ವರ್ಷ ದೂರದ ವೈಸ್ 0855 ಎಂಬ ಕಾಯದ ಮೇಲ್ಮೈ ನೀರು ಹೆಪ್ಪುಗಟ್ಟುವಷ್ಟು ತಣ್ಣಗಿದೆ. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನ ಹಾಸುಗಲ್ಲು ಆ ‘ನಕ್ಷತ್ರ’ಕ್ಕಿಂತ ಎಷ್ಟೋ ಬಿಸಿ.

ಭಾರವೇ ಹಣೆಬರಹ

ನಕ್ಷತ್ರದ ಆಯುಸ್ಸು ಹುಟ್ಟಿನಲ್ಲೇ ಗೊತ್ತಾಗುತ್ತದೆ. ಅದನ್ನು ನಿರ್ಧರಿಸುವುದು ಭಾರ. ಹೆಚ್ಚು ಭಾರದ್ದಕ್ಕೆ ಹೆಚ್ಚು ಇಂಧನ, ಹಾಗಾಗಿ ಹೆಚ್ಚು ಆಯುಸ್ಸು ಎಂದು ತೋರುವುದು ಸಹಜ. ನಡೆಯುವುದು ತಿರುವುಮುರುವು. ಭಾರ ಎರಡು ಪಟ್ಟಾದರೆ ಉರಿಯುವ ವೇಗ ಹತ್ತು ಪಟ್ಟು ಹೆಚ್ಚುತ್ತದೆ. ಇಬ್ಬರ ಆಸ್ತಿ ಇಟ್ಟುಕೊಂಡು ಹತ್ತು ಮಂದಿಯ ಖರ್ಚು ಮಾಡುವ ಮನೆತನದ ಪಾಡು ಅದರದು. ಸೂರ್ಯನಂಥ ಹಳದಿ ಕುಬ್ಜ ಪ್ರಧಾನ ಶ್ರೇಣಿಯಲ್ಲಿ ಸುಮಾರು 1,000 ಕೋಟಿ ವರ್ಷ ಇರುತ್ತದೆ. ಸೂರ್ಯನ ಹದಿನೈದಿಪ್ಪತ್ತು ಪಟ್ಟು ಭಾರದೊಂದಿಗೆ ಹುಟ್ಟಿದ ಆರಿದ್ರಾ ಒಂದು ಕೋಟಿ ವರ್ಷದ ಆಸುಪಾಸಿನಲ್ಲೇ ಕೊನೆಯ ಹಂತ ಮುಟ್ಟಿದೆ. ಭೂಮಿಯ ಮೇಲೆ ಡೈನೋಸಾರುಗಳು ಅಳಿದು ಎಷ್ಟೋ ಕಾಲವಾದ ಮೇಲೆ ಹುಟ್ಟಿ, ಈಗ ಸಾಯಲು ಕೂತಿದೆ.

ಶ್ರೇಣಿಯ ಇನ್ನೊಂದು ತುದಿಯಲ್ಲಿರುವುದು ಕೆಂಪು ಕುಬ್ಜಗಳು. ಸೂರ್ಯನ ಭಾರದ ಶೇ 8ರಿಂದ ಶೇ 60ರವರೆಗಿನವು. ನಮ್ಮ ನೆರೆಯ ನಕ್ಷತ್ರಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಇವೇ. ಆದರೆ ಒಂದೂ ಬರಿಗಣ್ಣಿಗೆ ಕಾಣದು. ಸೂರ್ಯನನ್ನು ಬಿಟ್ಟರೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿಯೂ ಕಾಣದು, ಅದರ ದೂರ 4.24 ಜ್ಯೋತಿರ್ವರ್ಷವಷ್ಟೇ ಇದ್ದರೂ. ರೋಹಿಣಿ ಮಳೆಗೆ ಕಾಯುವ ಮೇ ಕೊನೆಯ ದಿನಗಳಲ್ಲಿ, ಮೋಡವಿಲ್ಲದ ರಾತ್ರಿ ಹತ್ತೂವರೆಗೆ ಕುರ್ಡಿಯ ಬಯಲಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ದಿಗಂತದಿಂದ 13 ಡಿಗ್ರಿಯಷ್ಟೇ ಮೇಲೆ ಆಲ್ಫಾ ಸೆಂಟಾರಿ ಹೊಳೆಯುತ್ತದೆ. ಒಂದೇ ಚಿಕ್ಕಿಯಂತೆ ಕಾಣುವ ಅದರಲ್ಲಿ ಒಂದು ಹಳದಿ ಕುಬ್ಜ, ಒಂದು ಕಿತ್ತಳೆ ಕುಬ್ಜ. ಇವೆರಡನ್ನು ದೂರದಿಂದ ಸುತ್ತುವ ಮೂರನೆಯದೇ ಪ್ರಾಕ್ಸಿಮಾ. ಅದು ಹೊರಸೂಸುವ ಒಟ್ಟು ಶಕ್ತಿ ಸೂರ್ಯನ ಆರುನೂರನೇ ಒಂದು ಪಾಲು.

ಪ್ರಾಕ್ಸಿಮಾವನ್ನು ರಾಬರ್ಟ್ ಇನ್ನಿಸ್ ದಕ್ಷಿಣ ಆಫ್ರಿಕಾದಲ್ಲಿ ಗುರುತಿಸಿದ್ದು 1915ರಲ್ಲಿ. ನಿಜಾಮ್ ಸಂಸ್ಥಾನದ ಗಣಿ ಎಂಜಿನಿಯರ್ ಬೀಡನ್ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಬಂಗಾರ ಹುಡುಕುತ್ತಾ ಅಶೋಕನ ಶಾಸನ ಕಂಡದ್ದೂ ಅದೇ ವರ್ಷ. ಎರಡೂ ಅದುವರೆಗೆ ಎಲ್ಲರ ಕಣ್ಣೆದುರೇ ಇದ್ದು ಯಾರಿಗೂ ಕಾಣದೆ ಉಳಿದಿದ್ದವು.

ಕೆಂಪು ಕುಬ್ಜಗಳ ಹೊರಮೈ ಶಾಖ 2,500ರಿಂದ 3,800 ಡಿಗ್ರಿಯಷ್ಟು, ಸೂರ್ಯನದು 5,500. ಅತಿ ಸಣ್ಣ ಕೆಂಪು ಕುಬ್ಜಗಳಲ್ಲಿ ಅಡಿಯಿಂದ ಮುಡಿಯವರೆಗೆ ಅನಿಲ ಕುದಿಯುವ ಅಂಬಲಿಯಂತೆ ತಿರುಗುತ್ತಲೇ ಇರುತ್ತದೆ. ಹಾಗಾಗಿ ನಡುವೆ ಉತ್ಪತ್ತಿಯಾದ ಹೀಲಿಯಂ ಅಲ್ಲೇ ಕೂರದೆ ಎಲ್ಲ ಕಡೆ ಬೆರೆಯುತ್ತದೆ, ಹೊರಗಿನ ಜಲಜನಕ ಒಳಕ್ಕೆ ಬರುತ್ತದೆ. ಸೂರ್ಯನಲ್ಲಿ ಹೀಗಿಲ್ಲ, ಅವನು ತನ್ನ ಜಲಜನಕದ ಹತ್ತರಲ್ಲೊಂದು ಪಾಲಿನಷ್ಟನ್ನು ಮಾತ್ರ ನಡುವಿನಲ್ಲಿ ಉರಿಸಿ ಮುಗಿಸುತ್ತಾನೆ. ತಟ್ಟೆ ಬಳಿದು ತಿನ್ನುವ ಕೆಂಪು ಕುಬ್ಜ ಲಕ್ಷ ಕೋಟಿ ವರ್ಷಗಳ ಲೆಕ್ಕದಲ್ಲಿ ಬದುಕುತ್ತದೆ. ವಿಶ್ವದ ವಯಸ್ಸು 1,380 ಕೋಟಿ ವರ್ಷ. ಆದ್ದರಿಂದ ಇಲ್ಲಿಯವರೆಗೆ ಒಂದೇ ಒಂದು ಕೆಂಪು ಕುಬ್ಜವೂ ಮುಪ್ಪಿನಿಂದ ಸತ್ತಿಲ್ಲ. ಮಂಕಾಗಿದ್ದರೂ ಇವು ಸಾಧುಗಳಲ್ಲ. ಪ್ರಾಕ್ಸಿಮಾದಲ್ಲಿ ಆಗಾಗ ಏಳುವ ಜ್ವಾಲೆಗಳು 2016ರಲ್ಲಿ ಪತ್ತೆಯಾದ ಅದರ ಗ್ರಹವನ್ನು ವಿಕಿರಣದಲ್ಲಿ ಮೀಯಿಸುತ್ತವೆ. ಅಲ್ಲಿ ಜೀವವಿರಬಹುದೆಂಬ ಉತ್ಸಾಹಕ್ಕೆ ತಣ್ಣೀರೆರಚುವ ಸಂಗತಿ ಇದು.

ಕೆಂಪು ಮತ್ತು ಹಳದಿಯ ನಡುವಿನ ಕಿತ್ತಳೆ ಕುಬ್ಜಗಳ ಬದುಕು ಶಾಂತ. ಸೂರ್ಯನಿಗಿಂತ ದೀರ್ಘಾಯುಸ್ಸು, ಕೆಂಪು ಕುಬ್ಜದಷ್ಟು ಸಿಡುಕಿಲ್ಲ. 40 ಎರಿಡಾನಿಯಲ್ಲಿ ಬರಿಗಣ್ಣಿಗೆ ಕಾಣುವುದು ಈ ಜಾತಿಯದೇ.

ಉಬ್ಬುವ ಕಾಲ, ಉದುರುವ ಕಾಲ

ಸೂರ್ಯನ ನಡುವಿನ ಜಲಜನಕ ಮುಗಿಯಲು ಇನ್ನೂ 500 ಕೋಟಿ ವರ್ಷಗಳಷ್ಟು ಸಮಯವಿದೆ. ಆಮೇಲೆ ಉಳಿಯುವುದು ಹೀಲಿಯಂನ ಬೂದಿ. ಬೆಂಕಿ ಆರಿದ ತಿರುಳು ಕುಸಿದು ಬಿಸಿಯಾಗುತ್ತದೆ, ಅದರ ಸುತ್ತಲಿನ ಪದರದಲ್ಲಿ ಜಲಜನಕ ಮೊದಲಿಗಿಂತ ರಭಸದಿಂದ ಉರಿಯತೊಡಗುತ್ತದೆ. ಹೊರಮೈ ಉಬ್ಬುತ್ತದೆ, ಉಬ್ಬಿದ್ದು ತಣ್ಣಗಾಗುತ್ತದೆ, ತಣ್ಣಗಾದದ್ದು ಕೆಂಪಾಗುತ್ತದೆ. ಕೆಂಪು ದೈತ್ಯ ಹುಟ್ಟುವುದು ಹೀಗೆ. ರೋಹಿಣಿ ಈಗ ಇರುವುದು ಈ ಹಂತದಲ್ಲಿ. ಅದರ ಭಾರ ಸೂರ್ಯನಿಗಿಂತ ಕೊಂಚವೇ ಹೆಚ್ಚು, ಅಗಲ ಮಾತ್ರ 44 ಪಟ್ಟು, ದೂರ 65 ಜ್ಯೋತಿರ್ವರ್ಷ. ಕುರ್ಡಿಯ ನೆತ್ತಿಯ ಮೇಲೆ ಕಾಣುವ ಆ ಕಿತ್ತಳೆ ಚುಕ್ಕಿ ಒಂದು ಕಾಲದಲ್ಲಿ ಸೂರ್ಯನಂಥದೇ ಕುಬ್ಜವಾಗಿತ್ತು. ಸ್ವಾತಿಯ ಕಥೆಯೂ ಇದೇ. ಸೂರ್ಯ ಇನ್ನೂರು ಪಟ್ಟು ಉಬ್ಬುವ ವೇಳೆಗೆ ಬುಧ, ಶುಕ್ರ ಅವನ ಹೊಟ್ಟೆ ಸೇರಿರುತ್ತವೆ. ಭೂಮಿಯ ಕಡಲುಗಳು ಅದಕ್ಕೂ ಬಹಳ ಮೊದಲೇ, ಇನ್ನು ನೂರು ಕೋಟಿ ವರ್ಷಗಳ ಸುಮಾರಿಗೆ, ಸೂರ್ಯನ ಕಾವು ನಿಧಾನವಾಗಿ ಏರುವುದರಿಂದಲೇ ಆರಿಹೋಗಿರುತ್ತವೆ.

ತಿರುಳಿನ ಶಾಖ ಹತ್ತು ಕೋಟಿ ಡಿಗ್ರಿ ಮುಟ್ಟಿದಾಗ ಹೀಲಿಯಂ ಹೊತ್ತಿಕೊಂಡು ಇಂಗಾಲ, ಆಮ್ಲಜನಕವಾಗುತ್ತದೆ. ಹತ್ತು ಕೋಟಿ ವರ್ಷಗಳ ಈ ಎರಡನೆಯ ಇನ್ನಿಂಗ್ಸ್ ಮುಗಿದ ಮೇಲೆ ಮತ್ತೆ ಉಬ್ಬು. ಕೊನೆಗೆ ಹೊರಪದರಗಳು ಕಳಚಿ ಬಾನಿಗೆ ಹಾರುತ್ತವೆ. ಹಾರಿದ ಹೊಗೆ ಸಾವಿರಾರು ವರ್ಷ ಉಂಗುರದಂತೆ, ಚಿಟ್ಟೆಯಂತೆ ಹೊಳೆಯುತ್ತದೆ. ಹಳೆಯ ದೂರದರ್ಶಕಗಳಲ್ಲಿ ಗ್ರಹದ ಬಿಲ್ಲೆಯಂತೆ ಕಂಡದ್ದರಿಂದ ಇದಕ್ಕೆ ಗ್ರಹ ನೀಹಾರಿಕೆ ಎಂದರು. ಗ್ರಹಗಳಿಗೂ ಇದಕ್ಕೂ ಸಂಬಂಧವಿಲ್ಲ, ಇದೂ ತಪ್ಪಾಗಿ ಇಟ್ಟ ಹೆಸರು. ನಡುವೆ ಉಳಿಯುವ ತಿರುಳೇ ಬಿಳಿ ಕುಬ್ಜ.

40 ಎರಿಡಾನಿಯ ಎರಡನೆಯ ಸದಸ್ಯ ಮೊದಲು ಗುರುತಾದ ಬಿಳಿ ಕುಬ್ಜ. 1910ರಲ್ಲಿ ರಸೆಲ್, ಹಾರ್ವರ್ಡ್ ವೀಕ್ಷಣಾಲಯದ ಪಿಕರಿಂಗ್ ಅವರೊಡನೆ ಮಾತಾಡುತ್ತಾ ಈ ಮಂಕು ನಕ್ಷತ್ರದ ರೋಹಿತ ಯಾವ ವರ್ಗದ್ದು ಎಂದು ವಿಚಾರಿಸಿದರು. ಮಂಕಾದದ್ದು ಕೆಂಪಾಗಿರಲೇಬೇಕು ಎಂಬುದು ಅಂದಿನ ತಿಳಿವಳಿಕೆ. ಅಲ್ಲಿನ ವಿಲಿಯಮಿನಾ ಫ್ಲೆಮಿಂಗ್ ಫಲಕ ನೋಡಿ ಹೇಳಿ ಕಳಿಸಿದ ಉತ್ತರ ಬೇರೆಯೇ ಇತ್ತು. ಅದು ಬಿಳಿ ಬಿಸಿಯ ನಕ್ಷತ್ರಗಳ ವರ್ಗಕ್ಕೆ ಸೇರಿತ್ತು. ಅಷ್ಟು ಬಿಸಿಯಿದ್ದೂ ಅಷ್ಟು ಮಂಕಾಗಿರಬೇಕಾದರೆ ಮೈ ತೀರಾ ಕಿರಿದಿರಬೇಕು. ಐದು ವರ್ಷದ ನಂತರ, ಅದೇ 1915ರಲ್ಲಿ, ವಾಲ್ಟರ್ ಆಡಮ್ಸ್ ಲುಬ್ಧಕದ ಮಂಕು ಜೊತೆಗಾರನ ರೋಹಿತವನ್ನೂ ಹಾಗೆಯೇ ಕಂಡರು. ಲುಬ್ಧಕ ಆಕಾಶದ ಅತಿ ಪ್ರಕಾಶದ ನಕ್ಷತ್ರ. ಅದು ಓಲಾಡುತ್ತಾ ಸಾಗುವುದನ್ನು ನೋಡಿ ಬೆಸೆಲ್ 1844ರಲ್ಲೇ ಕಾಣದ ಜೊತೆಗಾರನನ್ನು ಊಹಿಸಿದ್ದರು, 1862ರಲ್ಲಿ ಆಲ್ವನ್ ಗ್ರಹಾಂ ಕ್ಲಾರ್ಕ್ ಅದನ್ನು ಕಣ್ಣಾರೆ ಕಂಡಿದ್ದರು. ಅದರ ಭಾರ ಸೂರ್ಯನಷ್ಟು, ಗಾತ್ರ ಭೂಮಿಗಿಂತ ತುಸು ಚಿಕ್ಕದು. ಒಂದು ಜೋಳದ ಕಾಳಿನಷ್ಟು ಅದರ ದ್ರವ್ಯವನ್ನು ತಂದು ತಕ್ಕಡಿಗೆ ಹಾಕಿದರೆ ಅರ್ಧ ಕ್ವಿಂಟಲಿಗೂ ಹೆಚ್ಚು ತೂಗೀತು. ಒಂದು ಕಾಳಿನ ಎದುರು ಒಂದು ಚೀಲ.

ಬೆಂಕಿಯಿಲ್ಲದ ಬಿಳಿ ಕುಬ್ಜ ತನ್ನದೇ ಭಾರಕ್ಕೆ ಕುಸಿದುಹೋಗದಿರುವುದು ಎಲೆಕ್ಟ್ರಾನುಗಳ ದೆಸೆಯಿಂದ. ಎರಡು ಎಲೆಕ್ಟ್ರಾನುಗಳು ಒಂದೇ ಸ್ಥಿತಿಯಲ್ಲಿ ಇರಲಾರವು. ಸಂತೆ ದಿನ ಮಾನ್ವಿ ಬಸ್ಸಿನಲ್ಲಿ ಸೀಟು ತುಂಬಿದ ಮೇಲೆ ಬಂದವರು ಟಾಪಿಗೆ ಹತ್ತುವಂತೆ, ಒತ್ತಿದಷ್ಟೂ ಅವು ಹೆಚ್ಚು ಹೆಚ್ಚು ಶಕ್ತಿಯ ಮಟ್ಟಕ್ಕೆ ಏರುತ್ತವೆ. ಅದರಿಂದ ಹುಟ್ಟುವ ಒತ್ತಡಕ್ಕೆ ಶಾಖದ ಹಂಗಿಲ್ಲ. ವಿಚಿತ್ರವೆಂದರೆ ಬಿಳಿ ಕುಬ್ಜಕ್ಕೆ ಭಾರ ಹೆಚ್ಚಿದಷ್ಟೂ ಅದು ಚಿಕ್ಕದಾಗುತ್ತದೆ. ಚಿಕ್ಕದಾಗುತ್ತಾ ಎಲ್ಲಿಯವರೆಗೆ? ಈ ಪ್ರಶ್ನೆ ಹಿಡಿದು 1930ರ ಬೇಸಿಗೆ ಕಳೆದ ಮೇಲೆ ಮುಂಬೈಯಿಂದ ಹಡಗು ಹತ್ತಿದವರು 19 ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್, ಸಿ.ವಿ. ರಾಮನ್ ಅವರ ಅಣ್ಣನ ಮಗ. ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗವನ್ನು ಸಮೀಪಿಸುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಒಂದು ಮಿತಿ ಎದುರಾಯಿತು. ಸೂರ್ಯನ 1.4 ಪಟ್ಟಿಗಿಂತ ಭಾರದ ಬಿಳಿ ಕುಬ್ಜ ನಿಲ್ಲಲಾರದು. 1935ರಲ್ಲಿ ಲಂಡನ್ನಿನ ಸಭೆಯಲ್ಲಿ ಹಿರಿಯ ಖಗೋಳ ವಿಜ್ಞಾನಿ ಎಡಿಂಗ್ಟನ್ ಇದನ್ನು ಬಹಿರಂಗವಾಗಿ ಅಲ್ಲಗಳೆದರು. ಚಂದ್ರಶೇಖರ್ ಜಗಳಕ್ಕೆ ನಿಲ್ಲದೆ ಲೆಕ್ಕವನ್ನೆಲ್ಲ ಒಂದು ಪುಸ್ತಕದಲ್ಲಿಟ್ಟು ಬೇರೆ ವಿಷಯಕ್ಕೆ ಹೋದರು. ನೊಬೆಲ್ ಬಂದದ್ದು 1983ರಲ್ಲಿ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ದೂರದರ್ಶಕಕ್ಕೆ ಇಂದು ಅವರ ಹೆಸರಿದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕುಳಿತು.

ಮಿತಿಯ ಆಚೆಯ ಕಥೆ ಕುಬ್ಜಗಳದ್ದಲ್ಲ. ಸೂರ್ಯನ ಎಂಟು ಪಟ್ಟಿಗಿಂತ ಭಾರವಾಗಿ ಹುಟ್ಟಿದವು ಕಬ್ಬಿಣದವರೆಗೂ ಬೆಸೆದು, ಅಲ್ಲಿಂದ ಮುಂದೆ ಶಕ್ತಿ ಹುಟ್ಟದೆ, ಕುಸಿದು ಸಿಡಿಯುತ್ತವೆ. ಉಳಿಯುವುದು ನ್ಯೂಟ್ರಾನ್ ನಕ್ಷತ್ರ ಅಥವಾ ಕಪ್ಪುಕುಳಿ. ಆರಿದ್ರಾದ ಮುಂದಿರುವುದು ಇದೇ. 2019ರ ಕೊನೆಯಲ್ಲಿ ಅದು ಇದ್ದಕ್ಕಿದ್ದಂತೆ ಮಂಕಾದಾಗ ಸಿಡಿದೇ ಬಿಡುತ್ತದೆ ಎಂಬ ಗುಲ್ಲೆದ್ದಿತ್ತು. ಅದೇ ಉಗುಳಿದ ದೂಳು ಅದರ ಮುಖ ಮುಚ್ಚಿತ್ತು, ಅಷ್ಟೆ. ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದಾಗ ಬಂಗಾರದಂಥ ಭಾರದ ಧಾತುಗಳು ಹುಟ್ಟುತ್ತವೆ ಎಂಬುದಕ್ಕೆ 2017ರ ಆಗಸ್ಟಿನಲ್ಲಿ ನೇರ ಸಾಕ್ಷ್ಯ ಸಿಕ್ಕಿತು. ಲಿಂಗಸೂಗೂರು ತಾಲ್ಲೂಕಿನ ಹಟ್ಟಿಯಲ್ಲಿ ನೆಲದಾಳದಿಂದ ಎತ್ತುವ ಚಿನ್ನವೂ ಭೂಮಿ ಹುಟ್ಟುವ ಮೊದಲು ಎಲ್ಲೋ ನಡೆದ ಇಂಥ ಸಾವುಗಳ ಉತ್ಪನ್ನ.

ಜೋಡಿಗಳಲ್ಲಿ ಮಾತ್ರ ಬಿಳಿ ಕುಬ್ಜವೂ ಸಿಡಿಯಬಲ್ಲದು. ಪಕ್ಕದ ನಕ್ಷತ್ರದಿಂದ ಅನಿಲ ಸೆಳೆದು, ಇಲ್ಲವೇ ಇನ್ನೊಂದು ಬಿಳಿ ಕುಬ್ಜದೊಡನೆ ಕೂಡಿಕೊಂಡು ಚಂದ್ರಶೇಖರ್ ಮಿತಿಯ ಹತ್ತಿರ ಬಂದರೆ ಒಳಗಿನ ಇಂಗಾಲ ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಆ ಸ್ಫೋಟದಲ್ಲಿ ಏನೂ ಉಳಿಯುವುದಿಲ್ಲ. ಮಳೆ ನಕ್ಷತ್ರಗಳಲ್ಲಿ ಒಂದಾದ ಮಘಾದ ಬಗಲಲ್ಲೂ ಒಂದು ಪುಟ್ಟ ಬಿಳಿ ಕುಬ್ಜವಿದ್ದು 40 ದಿನಕ್ಕೊಮ್ಮೆ ಅದನ್ನು ಸುತ್ತುತ್ತದೆ ಎಂದು 2008ರಲ್ಲಿ ಗೊತ್ತಾಯಿತು. ಇಲ್ಲಿ ಆಗಿರುವುದು ಉಲ್ಟಾ. ಬಿಳಿ ಕುಬ್ಜವಾಗುವ ಮುನ್ನ ಅದೇ ತನ್ನ ಮೈಯ ಬಹುಪಾಲನ್ನು ಮಘಾಕ್ಕೆ ಸುರಿದು ಬರಿಗೈಯಾಗಿದೆ.

40 ಎರಿಡಾನಿಯಲ್ಲಿ ಮೂರೂ ಒಂದೇ ಮೋಡದ ಮಕ್ಕಳು. ಇಂದು ಬಿಳಿ ಕುಬ್ಜದ ಭಾರ ಸೂರ್ಯನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಕಿತ್ತಳೆ ಕುಬ್ಜಕ್ಕಿಂತ ಕಡಿಮೆ. ಆದರೆ ಮೊದಲು ಸತ್ತದ್ದು ಅದೇ ಆದ್ದರಿಂದ ಹುಟ್ಟುವಾಗ ಮೂವರಲ್ಲಿ ಅತಿ ಭಾರದ್ದು ಅದೇ ಆಗಿತ್ತು. ಉಬ್ಬಿ, ಮೈ ಕಳಚಿ, ತಿರುಳಾಗಿ ನಿಂತಿದೆ. ಸೂರ್ಯನ ಐದನೇ ಒಂದು ಭಾರದ ಕೆಂಪು ಕುಬ್ಜ ಅದನ್ನು ಸುತ್ತುತ್ತಾ, ಹುಟ್ಟಿದಾಗ ಹೇಗಿತ್ತೋ ಈಗಲೂ ಹಾಗೇ ಇದೆ. ಊರ ಶಾಲೆಯಲ್ಲಿ ಸಣ್ಣ ದೂರದರ್ಶಕವಿದ್ದರೆ ಕಿತ್ತಳೆ ಚಿಕ್ಕಿಯ ಪಕ್ಕ ಅಂಟಿಕೊಂಡ ಬಿಳಿಯ ಚುಕ್ಕೆಯನ್ನು ಯಾವ ಮಗುವಾದರೂ ನೋಡಬಹುದು. ಲುಬ್ಧಕದ ಜೊತೆಗಾರ ಲುಬ್ಧಕದ ಪ್ರಖರತೆಯಲ್ಲಿ ಮುಳುಗಿರುತ್ತದೆ, ಇದಕ್ಕೆ ಆ ತೊಂದರೆಯಿಲ್ಲ. ಕೆಂಪು ಕುಬ್ಜಕ್ಕೆ ಇನ್ನೂ ದೊಡ್ಡ ದೂರದರ್ಶಕವೂ ತಾಳ್ಮೆಯೂ ಬೇಕು.

ಬಿಳಿ ಕುಬ್ಜಕ್ಕೆ ಮುಂದೆ ಉಳಿದಿರುವುದು ಆರುವ ಕೆಲಸ. ಲಕ್ಷ ಡಿಗ್ರಿಯಿಂದ ಆರಂಭವಾಗುವ ಅದರ ಶಾಖ ಮೊದಲು ಬೇಗ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಒಲೆ ಆರಿದ ಮೇಲೂ ರಾತ್ರಿಯಿಡೀ ಬೆಚ್ಚಗಿರುವ ಕಲ್ಲಿನಂತೆ. ಇಳಿಯುತ್ತಾ ಒಂದು ಹಂತದಲ್ಲಿ ಒಳಗಿನ ಇಂಗಾಲ, ಆಮ್ಲಜನಕಗಳು ಹರಳುಗಟ್ಟುತ್ತವೆ, ಹರಳುಗಟ್ಟುವಾಗ ಹೊರಬರುವ ಕಾವು ಆರುವುದನ್ನು ಇನ್ನಷ್ಟು ತಡಮಾಡುತ್ತದೆ. 1960ರ ದಶಕದಲ್ಲಿ ಊಹಿಸಿದ್ದ ಇದಕ್ಕೆ ಗಾಯಾ ಉಪಗ್ರಹದ ಅಳತೆಗಳಿಂದ 2019ರಲ್ಲಿ ಪುರಾವೆ ದೊರೆಯಿತು. ಪೂರ್ತಿ ಆರಿ, ಬೆಳಕೇ ಇಲ್ಲದಂತಾದ ತಿರುಳಿಗೆ ಕಪ್ಪು ಕುಬ್ಜ ಎಂದು ಹೆಸರು ಇಟ್ಟಾಗಿದೆ. ಅಂಥದ್ದು ವಿಶ್ವದಲ್ಲಿ ಇನ್ನೂ ಒಂದೂ ಇಲ್ಲ. ಅತಿ ಹಳೆಯ ಬಿಳಿ ಕುಬ್ಜಗಳೂ ಇನ್ನೂ ಮೂರು ನಾಲ್ಕು ಸಾವಿರ ಡಿಗ್ರಿಯಲ್ಲಿ ಮಿನುಗುತ್ತಿವೆ. ಹಾಗೆಯೇ ನೀಲಿ ಕುಬ್ಜವೂ ಸದ್ಯಕ್ಕೆ ಲೆಕ್ಕದ ಪುಸ್ತಕದಲ್ಲಿ ಮಾತ್ರ ಇದೆ. ಸಣ್ಣ ಕೆಂಪು ಕುಬ್ಜಗಳು ಮುಪ್ಪಿನಲ್ಲಿ ದೈತ್ಯಗಳಾಗಿ ಉಬ್ಬುವುದಿಲ್ಲ, ಉಬ್ಬುವ ಬದಲು ಬಿಸಿಯೇರಿ ಕೆಂಪಿನಿಂದ ನೀಲಿಯತ್ತ ಸಾಗುತ್ತವೆ, ಜಲಜನಕ ಪೂರ್ತಿ ಮುಗಿದ ಮೇಲೆ ಹೀಲಿಯಂನ ಬಿಳಿ ಕುಬ್ಜಗಳಾಗುತ್ತವೆ ಎನ್ನುತ್ತದೆ ಆ ಲೆಕ್ಕ. ಮೊದಲ ನೀಲಿ ಕುಬ್ಜ ಹುಟ್ಟಲು ವಿಶ್ವಕ್ಕೆ ಈಗಿರುವ ವಯಸ್ಸಿನ ಎಷ್ಟೋ ಪಟ್ಟು ವಯಸ್ಸಾಗಬೇಕು.